ಅಡಿಕೆ ಗೂಡಿನಲ್ಲಿ ಹಸಿರುಮನೆ: ಫೆಬ್ರವರಿಯಿಂದ ವಿಷುವಿನವರೆಗೆ

ಫೆಬ್ರವರಿ 8

ಅಡಿಕೆ ಒಣಗಿಸಲು ಅಂಗಳದ ಬದಿಯಲ್ಲಿ ಕಟ್ಟಿದ್ದ ಸೋಲಾರ್ ಗೂಡು ಎರಡು ವರ್ಷದಿಂದ ಖಾಲಿ ನಿಂತಿತ್ತು. ಈಗ ಅಡಿಕೆಯೆಲ್ಲ ಟೆರೇಸಿಗೆ ಹೋಗುತ್ತದೆ. 20 ಅಡಿ ಉದ್ದ, 10 ಅಡಿ ಅಗಲ, ಕಬ್ಬಿಣದ ಪೈಪಿನ ಕಮಾನು, ಮೇಲೆ 200 ಮೈಕ್ರಾನಿನ ಶೀಟು. ಇವತ್ತಿನಿಂದ ಅದು ನನ್ನ ಹಸಿರುಮನೆ.

ಕಾಸರಗೋಡಿನ ಪೆರ್ಲದ ಈ ಕಡೆ ಮಣ್ಣೆಂದರೆ ಮುರಮಣ್ಣು. ಹುಳಿ ಜಾಸ್ತಿ. ಹಾಗಾಗಿ ನೆಲದ ಏರಿಗೆ (ಎತ್ತರಿಸಿದ ಪಾತಿಗೆ) ಮೊದಲು ಸುಣ್ಣ ಹಾಕಿ, ಎರಡು ವಾರ ಬಿಟ್ಟು ಹಟ್ಟಿಗೊಬ್ಬರ ಸೇರಿಸಿದೆ. ಗ್ರೋ ಬ್ಯಾಗಿಗೆ ತೆಂಗಿನ ನಾರಿನ ಹುಡಿ, ಸುಡುಮಣ್ಣು, ಹಟ್ಟಿಗೊಬ್ಬರ, ಒಂದೊಂದು ಹಿಡಿ ಬೇವಿನ ಹಿಂಡಿ. ಟೊಮೆಟೊ ಸಸಿ 14 ಇವೆ. ಏರಿಗೆ 6, ಬ್ಯಾಗಿಗೆ 8. ಹರಿವೆ, ಮುಳ್ಳುಸೌತೆ, ಗೊಂಡೆ ಹೂವಿನ ಬೀಜ ಹಾಕಿದೆ. ವಿಷುವಿನ ಬೆಳಿಗ್ಗೆ ಎದ್ದು ಮೊದಲು ನೋಡುವ ಕಣಿಗೆ ಬೇಕೆಂದು ಸಾಂಬಾರ್ ಸೌತೆಯ ನಾಲ್ಕು ಬೀಜ ಗೂಡಿನ ಹೊರಗೆ, ಬಾಗಿಲ ಪಕ್ಕದಲ್ಲಿ.

ನೀರು ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ್ದು. ಗುಡ್ಡೆಯ ಹೊಟ್ಟೆಯಿಂದ ತಾನಾಗಿ ಇಳಿದು ಬರುವುದರಿಂದ ಪಂಪು ಬೇಡ.

ಫೆಬ್ರವರಿ 15

ಅಬ್ಬಲಿಗೆಯ (ಕನಕಾಂಬರದ) ಬೀಜ ತೆಗೆದ ದಿನ. ಇದನ್ನು ಬರೆದಿಡಲೇಬೇಕು.

ಹೂ ಮುಗಿದ ಅಬ್ಬಲಿಗೆಯ ತೆನೆ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಅತ್ತೆ ಅದನ್ನು ಸ್ಟೀಲಿನ ಬಟ್ಟಲಿಗೆ ಹಾಕಿ, ಬೆರಳು ಅದ್ದಿ ನಾಲ್ಕು ಹನಿ ನೀರು ಚಿಮುಕಿಸಿ, ಮೇಲೆ ತೆಳು ಬಟ್ಟೆ ಮುಚ್ಚಿದರು. "ಈಗ ಕಿವಿ ಕೊಟ್ಟು ಕೇಳು ಮಾರಾಯ್ತಿ" ಅಂದರು. ಅರ್ಧ ನಿಮಿಷ ಎಂತ ಇಲ್ಲ. ಆಮೇಲೆ ಟಪ್. ಮತ್ತೊಂದು ಟಪ್. ಬೀಜ ಹಾರಿ ಬಟ್ಟೆಗೆ ಬಡಿದು ಬಟ್ಟಲಿಗೆ ಬೀಳುತ್ತಿತ್ತು. ನೀರು ತಾಗಿದರೆ ಕೋಶ ಒಡೆದು ಬೀಜ ದೂರಕ್ಕೆ ಸಿಡಿಯುವುದು ಈ ಗಿಡದ ಗುಣ. ಇಷ್ಟು ವರ್ಷ ಇದೇ ಹೂ ಮುಡಿದೂ ನನಗೆ ಇದು ಗೊತ್ತಿರಲಿಲ್ಲ. 31 ಬೀಜ ಸಿಕ್ಕಿತು, ಅಲ್ಲಿಯೇ ಟ್ರೇಗೆ ಊರಿದೆ.

ಮಾರ್ಚ್ 3

ಮಧ್ಯಾಹ್ನ ಎರಡು ಗಂಟೆಗೆ ಒಳಗೆ 42 ಡಿಗ್ರಿ. ಹೊರಗೆ 34. ಟೊಮೆಟೊ ಹೂ ಮುಟ್ಟಿದರೆ ಕೈಗೆ ಬರುತ್ತಿದೆ. ಹಗಲಿನ ಬಿಸಿ 35 ದಾಟಿದರೆ ಪರಾಗ ಕೆಡುತ್ತದೆ, ಕಾಯಿ ಕಚ್ಚುವುದಿಲ್ಲ.

ತಪ್ಪು ನನ್ನದೇ. ಚಳಿ ದೇಶದವರು ಬಿಸಿ ಹಿಡಿದಿಡಲು ಕಟ್ಟುವ ಮನೆಯನ್ನು ನಾನು ಹಾಗೆಯೇ ಮುಚ್ಚಿ ಕೂತಿದ್ದೆ. ನಮ್ಮಲ್ಲಿ ಬೇಕಾದ್ದು ಮೇಲಿನಿಂದ ನೆರಳು, ಬದಿಯಿಂದ ಗಾಳಿ, ಮಳೆಗಾಲಕ್ಕೆ ಮರೆ. ಇವತ್ತು ಎರಡೂ ಬದಿಯ ಶೀಟು ಬಿಚ್ಚಿ, ಮೇಲೆ ಅರ್ಧ ಬಿಸಿಲು ತಡೆಯುವ 50 ಶೇಕಡಾದ ಹಸಿರು ನೆಟ್ ಎಳೆದು ಕಟ್ಟಿದೆವು. ನೆಟ್ಟಿಗೂ ಶೀಟಿಗೂ ಮಧ್ಯೆ ಒಂದು ಅಡಿ ಜಾಗ ಬಿಟ್ಟಿದ್ದೇವೆ, ಅಲ್ಲಿ ಗಾಳಿ ಓಡಬೇಕು.

ಮಾರ್ಚ್ 5

ಎರಡು ಗಂಟೆಗೆ 36. ಒಳಗೆ ನಿಂತು ಉಸಿರಾಡಬಹುದು.

ಮಾರ್ಚ್ 14

ಏರಿಯ ಟೊಮೆಟೊ ಮೂರು ಗಿಡ ಮಧ್ಯಾಹ್ನ ಜೋತು ಬಿದ್ದವು. ಬಿಸಿಲಿಗೆ ಇರಬೇಕು ಅಂದುಕೊಂಡೆ. ಆದರೆ ಸಂಜೆಗೂ ಏಳಲಿಲ್ಲ. ಎಲೆ ಹಸಿರೇ ಇದೆ, ಒಂದು ಚುಕ್ಕೆಯೂ ಇಲ್ಲ.

ಬುಡದಿಂದ ಎರಡು ಇಂಚು ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಅಲ್ಲಾಡಿಸದೆ ಹಿಡಿದೆ. ಸ್ವಲ್ಪ ಹೊತ್ತಿಗೆ ಕತ್ತರಿಸಿದ ಜಾಗದಿಂದ ಹಾಲಿನಂಥ ಬಿಳಿ ಎಳೆ ನೀರಿಗೆ ಇಳಿಯಿತು, ನೂಲು ಬಿಟ್ಟ ಹಾಗೆ. ಬ್ಯಾಕ್ಟೀರಿಯಾದ ಸೊರಗು ರೋಗ. ಹುಳಿ ಮಣ್ಣು, ಬಿಸಿ, ತೇವ ಮೂರೂ ಸೇರಿದ ಕಡೆ ಇದಕ್ಕೆ ಸುಗ್ಗಿ. ಮಣ್ಣಿನಿಂದ ಬೇರಿಗೆ ನುಗ್ಗಿ ನೀರು ಏರುವ ದಾರಿಯನ್ನೇ ಕಟ್ಟುತ್ತದೆ. ಬಂದ ಗಿಡಕ್ಕೆ ಮದ್ದಿಲ್ಲ.

ಏರಿಯ ಆರೂ ಗಿಡವನ್ನು ಬುಡದ ಮಣ್ಣಿನ ಸಮೇತ ಕಿತ್ತು ಸುಟ್ಟೆ. ಬೇಜಾರಾಯಿತು, ಎರಡರಲ್ಲಿ ಮಿಡಿ ಇತ್ತು. ಬ್ಯಾಗಿನ ಎಂಟೂ ಚೆನ್ನಾಗಿವೆ, ಅವುಗಳಿಗೆ ಸುಡದ ಊರ ಮಣ್ಣು ತಾಗಿಲ್ಲವಲ್ಲ. ಇನ್ನು ಆ ಏರಿಯಲ್ಲಿ ಟೊಮೆಟೊ, ಬದನೆ, ಮೆಣಸು ಬೇಡ, ಮೂರೂ ಒಂದೇ ಕುಟುಂಬದವು. ಅಲಸಂಡೆ ಹಾಕುತ್ತೇನೆ. ಮುಂದಿನ ಸಲಕ್ಕೆ ಅನಘ ಟೊಮೆಟೊದ ಬೀಜ ಹುಡುಕಬೇಕು. ಕೇರಳ ಕೃಷಿ ವಿಶ್ವವಿದ್ಯಾಲಯದ ತಳಿ, ಈ ರೋಗ ತಡೆಯುತ್ತದೆ. ಬದನೆಗಾದರೆ ಅದರ ಕಾಡು ನೆಂಟ ಕುದನೆಯ ಬುಡಕ್ಕೆ ಕಸಿ ಕಟ್ಟುವ ದಾರಿ ಇದೆ. ಗುಡ್ಡೆಯಲ್ಲಿ ಕುದನೆಗೇನು ಬರ?

ಮಾರ್ಚ್ 22

ಮುಳ್ಳುಸೌತೆ ಹೂ ಬಿಟ್ಟಿದೆ. ಹೆಣ್ಣು ಹೂವಿನ ಬುಡದಲ್ಲಿ ಕಿರುಬೆರಳ ತುದಿಯಷ್ಟು ಮಿಡಿ, ಗಂಡು ಹೂವಿಗೆ ಬರೀ ತೊಟ್ಟು. ಮಿಡಿ ಮೂರು ದಿನದಲ್ಲಿ ಹಳದಿಯಾಗಿ ಉದುರುತ್ತಿತ್ತು. ನೊಣಕ್ಕೆಂದು ಬದಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿದ್ದೆ, ಜೇನೂ ಬಾರದ ಹಾಗೆ ಆಯಿತು.

ಒಂದು ವಾರ ಬೆಳಿಗ್ಗೆ ಎಂಟರೊಳಗೆ ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿಗೆ ನಾನೇ ಸವರಿದೆ. ಕಾಯಿ ನಿಂತಿತು. ಆದರೆ ದಿನಾ ಮಾಡುವ ಕೆಲಸವಾ ಇದು? ಭಾವ ಮೊನ್ನೆ ಅವರ ಮನೆಯಿಂದ ಮುಜಂಟಿ ಜೇನಿನ ಒಂದು ಬಿದಿರಿನ ಅಂಡೆ ತಂದುಕೊಟ್ಟರು. ಬಾಗಿಲಿನ ಮೇಲೆ ತೂಗು ಹಾಕಿದ್ದೇವೆ. ಸೊಳ್ಳೆಗಿಂತ ಸ್ವಲ್ಪ ದಪ್ಪ, ಕಚ್ಚುವ ಮುಳ್ಳಿಲ್ಲ. ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ಬಲೆ ಮೇಲೆತ್ತಿ ಇಡುತ್ತೇನೆ. ಮೂರನೇ ದಿನಕ್ಕೆ ಗೊಂಡೆಯಿಂದ ಸೌತೆಗೆ, ಸೌತೆಯಿಂದ ಗೊಂಡೆಗೆ ಓಡಾಟ ಶುರು. ಕಾಲಿನಲ್ಲಿ ಹಳದಿ ಉಂಡೆ!

ಬಿಳಿ ನೊಣ ಬಂದಿದೆ. ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಸಂಜೆ, ಜೇನು ಗೂಡು ಸೇರಿದ ಮೇಲೆ, ಎಲೆಯ ಅಡಿಗೆ ಹೊಡೆಯುತ್ತೇನೆ. ಬೇರೆ ಮದ್ದು ಈ ಮನೆಗೆ ಬರುವುದಿಲ್ಲ. 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಸೀಮೆ ಇದು. ಅದರ ನೋವು ಉಂಡ ಮನೆಗಳು ನಮ್ಮ ನೆರೆಯಲ್ಲೇ ಇವೆ. ತಿನ್ನುವ ಸೊಪ್ಪಿಗೆ ವಿಷ ಹೊಡೆಯಲು ನನಗೆ ಕೈ ಬರುವುದಿಲ್ಲ.

ಏಪ್ರಿಲ್ 6

ಸುರಂಗದ ನೀರು ಸಪೂರವಾಗಿದೆ. ದಿನಕ್ಕೆ ಎರಡು ಸಲ ಬಿಡುತ್ತಿದ್ದ ಡ್ರಿಪ್ಪು ಈಗ ಬೆಳಿಗ್ಗೆ ಮಾತ್ರ. ಬುಡಕ್ಕೆ ಅಡಿಕೆ ಸಿಪ್ಪೆ ಹೊದಿಸಿದೆ. ಸಂಜೆ ಬೆರಳು ಊರಿ ನೋಡಿದರೆ ಒಳಗೆ ಇನ್ನೂ ತಂಪು.

ಹರಿವೆ ಎರಡನೇ ಕೊಯ್ಲು.

ಏಪ್ರಿಲ್ 15

ಕಣಿಗೆ ನಮ್ಮದೇ ಸೌತೆ. ನಾಲ್ಕು ಬಳ್ಳಿಯಲ್ಲಿ ಒಂದರ ಕಾಯಿ ಮಾತ್ರ ಪೂರಾ ಚಿನ್ನದ ಬಣ್ಣಕ್ಕೆ ಬಂದಿತ್ತು, ಅದೇ ಸಾಕು. ಅಕ್ಕಿಯ ಮೇಲೆ ಸೌತೆ, ಪಕ್ಕದಲ್ಲಿ ಕಕ್ಕೆ ಹೂ, ಗೊಂಡೆ, ಬ್ಯಾಗಿನಿಂದ ಕೊಯ್ದ ಐದು ಟೊಮೆಟೊ. ಕಣಿಗೆ ಟೊಮೆಟೊ ಇಡುವ ಕ್ರಮ ಇಲ್ಲ, ಆದರೂ ಅತ್ತೆಯೇ ಇಟ್ಟರು.

ಅಬ್ಬಲಿಗೆ 31ರಲ್ಲಿ 19 ಹುಟ್ಟಿ ಆರಾರು ಎಲೆ ಬಿಟ್ಟಿವೆ. ಅರೆನೆರಳು ಅವಕ್ಕೆ ಹಿಡಿಸಿದೆ. ಜೂನಿಗೆ ಮುಂಚೆ ಬದಿಗೆ ಮತ್ತೆ ಶೀಟು ಕಟ್ಟಬೇಕು, ಎರಚಲು ಒಳಗೆ ಬಾರದ ಹಾಗೆ. ಮಳೆಗೆ ಹೂ ಕೊಳೆಯದಿದ್ದರೆ ಸೋಣ ತಿಂಗಳ (ಆಗಸ್ಟ್-ಸೆಪ್ಟೆಂಬರ್) ಹೊಸ್ತಿಲು ಪೂಜೆಗೆ ದಿನಾ ಒಂದು ಹಿಡಿಯಾದರೂ ಸಿಕ್ಕೀತು ಅಂತ ಅತ್ತೆ ಈಗಲೇ ಲೆಕ್ಕ ಹಾಕುತ್ತಿದ್ದಾರೆ. ನಾಳೆ 19ನ್ನೂ ಟ್ರೇಯಿಂದ ಬ್ಯಾಗಿಗೆ ಬದಲಿಸುವುದು.