ಹಳೆ ಕೋರೆಯ ಮಣ್ಣು, ಪಕ್ಕದ ತೋಟದ ತಾಮ್ರ

ಉಡುಪಿಯಿಂದ ಒಳನಾಡಿನ ಕಡೆ ಹೋದರೆ ಕಲ್ಲು ತೆಗೆದು ಹಾಗೇ ಬಿಟ್ಟ ಕೆಂಪುಕಲ್ಲಿನ ಕೋರೆಗಳಿಗೆ ಬರವಿಲ್ಲ. ಹಿರಿಯಡಕದ ಆಚೆ ಅಂಥದೊಂದು ಕೋರೆಯಲ್ಲಿ ಗೇರು ಹಾಕಬಹುದೇ, ಬದಿಯಲ್ಲಿ ತರಕಾರಿ ಆದೀತೇ ಎಂದು ಜಾಗದವರು ಕೇಳಿದ್ದರಿಂದ, ಮಣ್ಣಿನಲ್ಲಿ ವಿಷದ ಲೋಹಗಳಿವೆಯೇ ಎಂದು ನೋಡಲು, ಮಳೆ ಬಿಟ್ಟ ಮೇಲೆ ನವೆಂಬರಿನಲ್ಲಿ ಮಣ್ಣು ತೆಗೆಯಲು ಹೋದೆವು. ಮುರಕಲ್ಲಿನ, ಅಂದರೆ ಈ ಕೆಂಪುಕಲ್ಲಿನ, ಕೋರೆ ತಾಮ್ರದ ಗಣಿಯಂತಲ್ಲ. ಕಲ್ಲು ಮುಗಿದ ಮೇಲೆ ಹೊಂಡಕ್ಕೆ ಯಾರು ಏನು ಸುರಿದರು ಎಂಬುದರಲ್ಲಿ ಅರ್ಧ ಅಪಾಯ ಇದೆ. ಇಲ್ಲಿ ಒಂದು ಮೂಲೆಯಲ್ಲಿ ಹಳೆ ಬ್ಯಾಟರಿ, ಒಡೆದ ಟ್ಯೂಬ್‌ಲೈಟ್, ಪೇಂಟಿನ ಡಬ್ಬಿ ಬಿದ್ದಿದ್ದವು.

ಹೊಂಡದ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಂಡರೆ ಎಲ್ಲರೂ ಡೀಸೆಲ್ ಎನ್ನುತ್ತಾರೆ. ಕೋಲಿನಿಂದ ತಟ್ಟಿ ನೋಡಿದೆವು. ಪೊರೆ ಗಾಜಿನ ಚೂರಿನಂತೆ ಒಡೆದು ಬೇರೆಬೇರೆಯಾಗಿಯೇ ಉಳಿಯಿತು. ಅಂದರೆ ಅದು ಕಬ್ಬಿಣದ ಪೊರೆ. ಎಣ್ಣೆಯಾಗಿದ್ದರೆ ಕೋಲು ತೆಗೆದ ಕೂಡಲೇ ಮತ್ತೆ ಕೂಡಿಕೊಳ್ಳುತ್ತಿತ್ತು.

ಕಸ ಬಿದ್ದ ಮೂಲೆ, ಕೋರೆಯ ತಳ, ಮೇಲಿನ ಅಂಚು: ಮೂರನ್ನೂ ಬೇರೆ ಬೇರೆ ಮಾದರಿ ಮಾಡಬೇಕು, ಬೆರೆಸಿದರೆ ಕೆಟ್ಟದ್ದು ಒಳ್ಳೆಯದರಲ್ಲಿ ಕರಗಿ ಹೋಗುತ್ತದೆ. ಒಂದೊಂದರಲ್ಲೂ ಎಂಟು ಹತ್ತು ಕಡೆ 15 ಸೆಂ.ಮೀ. ಆಳಕ್ಕೆ ಕೆತ್ತಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಬಿಡುತ್ತಾ ಅರ್ಧ ಕೆಜಿಗೆ ಇಳಿಸಬೇಕು. ಸತು ಲೇಪನದ ಬಕೆಟ್ ಬೇಡ, ಅದರ ಸತು ಮಣ್ಣಿನ ಲೆಕ್ಕಕ್ಕೆ ಸೇರುತ್ತದೆ. ನೆರಳಲ್ಲಿ ಒಣಗಿಸಿ, 2 ಮಿ.ಮೀ. ನೈಲಾನ್ ಜರಡಿಯಲ್ಲಿ ಹಿಡಿದು, ಮೇಲೆ ಉಳಿದ ಕಲ್ಲುಹರಳಿನ ತೂಕವನ್ನೂ ಬರೆದಿಡಬೇಕು. ಈ ಕಡೆಯ ಮಣ್ಣಿನಲ್ಲಿ ಹರಳೇ ಅರ್ಧ ಇರುವುದುಂಟು. ಬೇರಿಗೆ ಸಿಗುವುದು ಉಳಿದರ್ಧ ಮಾತ್ರ.

ಹೋಲಿಕೆಗೆ ಶುದ್ಧ ಮಣ್ಣು ಎಲ್ಲಿಂದ ತರುವುದು ಎಂಬಲ್ಲಿ ಮಾತ್ರ ತಕರಾರು ಎದ್ದಿತು. ಜಾಗದವರು ಕೆಳಗಿನ ಅಡಿಕೆ ತೋಟ ತೋರಿಸಿ, "ತೋಟದ್ದೇ ತೆಕ್ಕೊಳ್ಳಿ ಮಾರಾಯ್ರೆ, ಅದಕ್ಕಿಂತ ಒಳ್ಳೆ ಮಣ್ಣು ಈ ಊರಲ್ಲೇ ಇಲ್ಲ" ಎಂದರು. ಬೆಳೆಗೆ ಒಳ್ಳೆಯದೇ, ಹೋಲಿಕೆಗೆ ಆಗದು. ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣದಲ್ಲಿ (ಮೈಲುತುತ್ತ, ಸುಣ್ಣದ ನೀರು) 100 ಲೀಟರಿಗೆ 1 ಕೆಜಿ ಮೈಲುತುತ್ತ, ಅದರಲ್ಲಿ ಸುಮಾರು 250 ಗ್ರಾಂ ತಾಮ್ರ. ಪ್ರತಿ ಮಳೆಗಾಲ, ತಲೆಮಾರುಗಳಿಂದ. ತಾಮ್ರ ಮೇಲ್ಮಣ್ಣಿಗೆ ಅಂಟಿಕೊಂಡು ಅಲ್ಲೇ ಕೂರುತ್ತದೆ.

1980ರಲ್ಲಿ ಸ್ವೀಡನ್ನಿನ ವಿಜ್ಞಾನಿ ಹೊಕನ್‌ಸನ್ ಕೊಟ್ಟ ಅಪಾಯ ಸೂಚ್ಯಂಕವನ್ನೇ ಗಣಿ ಮಣ್ಣಿಗೂ ಬಹಳ ಮಂದಿ ಬಳಸುತ್ತಾರೆ. ಸಿಕ್ಕ ಪ್ರಮಾಣವನ್ನು ಶುದ್ಧ ಮಣ್ಣಿನ ಪ್ರಮಾಣದಿಂದ ಭಾಗಿಸಿ, ಲೋಹದ ವಿಷದ ಅಂಕದಿಂದ ಗುಣಿಸುವುದು. ಕ್ಯಾಡ್ಮಿಯಂಗೆ 30, ಆರ್ಸೆನಿಕ್‌ಗೆ 10, ತಾಮ್ರ ಮತ್ತು ಸೀಸಕ್ಕೆ 5, ಸತುವಿಗೆ 1. ಹೀಗೆ ಒಂದು ಲೋಹಕ್ಕೆ ಬಂದ ಉತ್ತರ 40ರ ಒಳಗಿದ್ದರೆ ಅಪಾಯ ಕಡಿಮೆ, 80 ದಾಟಿದರೆ ಗಂಭೀರ. ಉದಾಹರಣೆಗೆ, ಕೋರೆಯಲ್ಲಿ ಕಿಲೋಗೆ 120 ಮಿ.ಗ್ರಾಂ. ತಾಮ್ರ, ಕೆಲಸ ನಡೆಯದ ಗುಡ್ಡೆಯಲ್ಲಿ 40 ಇದ್ದರೆ ಅಂಕ 15. ತೋಟದಲ್ಲೂ 120 ಇದ್ದು ಅದನ್ನೇ ಹೋಲಿಕೆಗೆ ಹಿಡಿದರೆ ಬರೇ 5. ಕೋರೆಯ ಮಣ್ಣು ಅದೇ, ವರದಿ ಬೇರೆ. ಪುಸ್ತಕದ ಜಾಗತಿಕ ಸರಾಸರಿಯನ್ನು ತಂದರೂ ಇದೇ ಕಥೆ. ಮುರಕಲ್ಲಿನಲ್ಲಿ ಹುಟ್ಟಿನಿಂದಲೇ ಕಬ್ಬಿಣ, ಕ್ರೋಮಿಯಂ ಹೆಚ್ಚು, ಕಸ ಬೀಳದಿದ್ದರೂ ಲೆಕ್ಕ ಏರಿಬಿಡುತ್ತದೆ. ಹಾಗಾಗಿ ಕೋರೆಯ ಮೇಲ್ಗಡೆ, ರಸ್ತೆಯಿಂದ ದೂರದ ಗುಡ್ಡೆಯಿಂದ ಮಣ್ಣು ತಂದೆವು.

ಹೊಕನ್‌ಸನ್ ಲೆಕ್ಕ ಹಾಕಿದ್ದು ನೀರಿನಡಿಯ ಕೆಸರಿಗೆ. ಗಿಡದ ಬೇರು ಅದರಲ್ಲಿ ಇಲ್ಲ. ಬೇರಿನ ಮಟ್ಟಿಗೆ ಮೊದಲ ಮಾತು ಮಣ್ಣಿನ ಹುಳಿಯದು. ಒಂದು ಪಾಲು ಮಣ್ಣು, ಎರಡೂವರೆ ಪಾಲು ನೀರು ಬೆರೆಸಿ ನೋಡಿದಾಗ ತಳದ ಪಿಎಚ್ (ಈ ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.7 ಇತ್ತು. 5.5ಕ್ಕಿಂತ ಇಳಿದರೆ ಅಲ್ಯುಮಿನಿಯಂ ಕರಗಿ ಬೇರಿನ ತುದಿ ಮೊಂಡಾಗಿ ಕಂದುತ್ತದೆ, ರಂಜಕವೂ ಸಿಗುವುದಿಲ್ಲ. ಸೀಸ, ಕ್ಯಾಡ್ಮಿಯಂ ಇದ್ದರೆ ಅವೂ ಮಣ್ಣಿನ ಹಿಡಿತದಿಂದ ಸಡಿಲವಾಗುತ್ತವೆ. ಹೆಸರುಕಾಳು ಬಿತ್ತಿ ಪರೀಕ್ಷಿಸುವವರು ಮೊಳಕೆ ಎಣಿಸಿ ನಿಲ್ಲಿಸಬಾರದು. ಮೊಳಕೆ ಕಾಳಿನೊಳಗಿನ ಬುತ್ತಿಯಿಂದಲೇ ಬರುತ್ತದೆ. ಗುಡ್ಡೆಯ ಮಣ್ಣಿನಲ್ಲೂ ಜೊತೆಗೆ ಬಿತ್ತಿ, ಕಿತ್ತು, ಬೇರಿನ ಉದ್ದ ಅಳೆಯಬೇಕು. ಕೋರೆಯಲ್ಲಿ ಅಕೇಶಿಯಾ ಹಸಿರಾಗಿರುವುದು ಸಾಕ್ಷಿಯೇ ಅಲ್ಲ, ಅದು ಎಂಥ ಹುಳಿಯಲ್ಲೂ ಎದ್ದು ನಿಲ್ಲುತ್ತದೆ.

ತಾಮ್ರ, ಸತು ಅತಿಯಾದರೆ ಗಿಡವೇ ಹಳದಿಯಾಗಿ ಸೊರಗಿ ಹೇಳುತ್ತದೆ. ಸೀಸ ಹೆಚ್ಚಾಗಿ ಬೇರಿನಲ್ಲೇ ನಿಲ್ಲುತ್ತದೆ. ಸೊಪ್ಪಿನಲ್ಲಿ ಸಿಗುವುದು ಬಹುಪಾಲು ಅಂಟಿದ ಧೂಳು. ಕ್ಯಾಡ್ಮಿಯಂ ಹಾಗಲ್ಲ, ಹರಿವೆ ಸೊಗಸಾಗಿ ಬೆಳೆದು ನಿಂತಿರುವಾಗಲೇ ಎಲೆಗೆ ಏರಿರುತ್ತದೆ. ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಸೀಸವೂ ಇಲ್ಲ, ಕ್ಯಾಡ್ಮಿಯಂ ಕೂಡ ಇಲ್ಲ. ಅವನ್ನು ಹೆಸರಿಸಿಯೇ ಪ್ರಯೋಗಾಲಯಕ್ಕೆ ಬರೆದುಕೊಡಬೇಕು.

ಕಸದ ಮೂಲೆಯನ್ನು ಬೇಲಿ ಕಟ್ಟಿ ಬಿಡಿ, ಫಲಿತಾಂಶ ಬರುವವರೆಗೆ ಸೊಪ್ಪು ಹಾಕಬೇಡಿ ಎಂದೆವು. ಗೇರಿಗೆ ಅಂಚಿನಲ್ಲಿ ಒಂದು ಮೀಟರಿನ ಗುಂಡಿ, ಹೊರಗಿನ ಮೇಲ್ಮಣ್ಣು, ಹಟ್ಟಿಗೊಬ್ಬರ, ನೀರು ನಿಲ್ಲದಂತೆ ಕಣಿ. ಹುಳಿ ತಗ್ಗಿಸಲು ಸುಣ್ಣ ಹಾಕಿದರೆ ಕಲಸಿದಷ್ಟು ಆಳಕ್ಕೆ ಮಾತ್ರ ಕೆಲಸ ಮಾಡುತ್ತದೆ. ಆರ್ಸೆನಿಕ್ ಇದ್ದರೆ ಸುಣ್ಣಕ್ಕೆ ಮುಂದಾಗಬಾರದು, ಹುಳಿ ಇಳಿದಂತೆ ಅದು ಇನ್ನಷ್ಟು ಸಡಿಲವಾಗುತ್ತದೆ.