ಕಂಬ, ಬೋದಿಗೆ, ತೊಲೆ: ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ

ಶ್ರೀರಂಗಪಟ್ಟಣದ ಉತ್ತರಕ್ಕೆ ಹರಿಯುವ ಕಾವೇರಿಯ ಕವಲಿಗೆ ಅಡ್ಡಲಾಗಿರುವ ವೆಲ್ಲೆಸ್ಲಿ ಸೇತುವೆ ಗವರ್ನರ್ ಜನರಲ್ ಒಬ್ಬನ ಹೆಸರು ಹೊತ್ತಿದ್ದರೂ, ಅದರ ಕಟ್ಟಡದ ಕ್ರಮ ಪೂರ್ತಿಯಾಗಿ ನಮ್ಮ ಕಲ್ಲುಕುಟಿಗರದು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ, ಇನ್ನೂ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಪರವಾಗಿ ದಿವಾನ್ ಪೂರ್ಣಯ್ಯನವರು ಆಡಳಿತ ನಡೆಸುತ್ತಿದ್ದ ಕಾಲದಲ್ಲಿ ಇದನ್ನು ಕಟ್ಟಿಸಿದರು. 1804ರಲ್ಲಿ ಕೆಲಸ ಮುಗಿಯಿತು. ಹೆಸರು ಆಗಿನ ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿಯ ಗೌರವಾರ್ಥ ಬಂದದ್ದು.

ಈ ಸೇತುವೆಗೆ ಕಮಾನುಗಳಿಲ್ಲ. ಹೊಳೆಯ ಪಾತ್ರದಲ್ಲಿ ಕಲ್ಲಿನ ಕಂಬಗಳನ್ನು ಸಾಲುಸಾಲಾಗಿ ನಿಲ್ಲಿಸಿ, ಅವುಗಳ ತಲೆಯ ಮೇಲೆ ಎರಡೂ ಕಡೆಗೆ ಚಾಚಿಕೊಂಡ ಬೋದಿಗೆಗಳನ್ನು, ಅಂದರೆ ತೊಲೆಯನ್ನು ಹೊರುವ ಅಡ್ಡಗಲ್ಲುಗಳನ್ನು, ಇಟ್ಟು, ಬೋದಿಗೆಯಿಂದ ಬೋದಿಗೆಗೆ ಕಲ್ಲಿನ ತೊಲೆಗಳನ್ನು ಹಾಯಿಸಿ, ಅದರ ಮೇಲೆ ದಾರಿಯನ್ನು ಮಾಡಿದ್ದಾರೆ. ದೇವಾಲಯದ ಮಂಟಪಗಳನ್ನು ನೋಡಿದವರಿಗೆಲ್ಲ ಈ ಕ್ರಮ ಪರಿಚಿತವೇ. ಕಲ್ಲು ಒತ್ತುವ ಭಾರವನ್ನು ಚೆನ್ನಾಗಿ ತಾಳುತ್ತದೆ, ಆದರೆ ಎರಡು ಆಧಾರಗಳ ನಡುವೆ ತೊಲೆಯಾಗಿ ಮಲಗಿದಾಗ ಅದರ ಕೆಳಮೈ ಹಿಗ್ಗಲೆತ್ನಿಸಿ ಸುಲಭವಾಗಿ ಬಿರುಕು ಬಿಡಬಹುದು. ಆದ್ದರಿಂದಲೇ ಕಂಬಗಳು ಹತ್ತಿರ ಹತ್ತಿರ ನಿಲ್ಲಬೇಕಾಯಿತು, ಉಳಿದ ಅಂತರವನ್ನೂ ಬೋದಿಗೆಗಳು ಕುಗ್ಗಿಸಬೇಕಾಯಿತು. ಇಡೀ ಸೇತುವೆಯಲ್ಲಿ ನನಗೆ ಅತ್ಯಂತ ಜಾಣ್ಮೆಯ ಅಂಗವಾಗಿ ಕಾಣುವುದು ಈ ಬೋದಿಗೆಯೇ.

ಹತ್ತಿರದ ಕಂಬಗಳಿಂದ ತೊಂದರೆಯೂ ಉಂಟು. ನೆರೆಯಲ್ಲಿ ತೇಲಿಬರುವ ಮರ, ಕೊಂಬೆಗಳು ಸಾಲಿಗೆ ಸಿಕ್ಕಿಕೊಂಡು ನೀರಿನ ಒತ್ತಡವನ್ನು ಹೆಚ್ಚಿಸುತ್ತವೆ. ಕನ್ನಂಬಾಡಿ ಕಟ್ಟೆ ಏಳುವ ಮುನ್ನ ನೂರು ವರ್ಷಕ್ಕೂ ಹೆಚ್ಚು ಕಾಲ ಈ ಸೇತುವೆ ಯಾವ ತಡೆಯೂ ಇಲ್ಲದ ಕಾವೇರಿಯ ನೆರೆಗೆ ಎದೆಗೊಟ್ಟು ನಿಂತಿತ್ತೆಂಬುದನ್ನು ನೆನೆದರೆ, ಕಟ್ಟಿದವರ ಬಗ್ಗೆ ಗೌರವ ಹೆಚ್ಚುತ್ತದೆ. ಹೊಳೆಯ ಕೆಳಹರಿವಿನಲ್ಲಿ, ಶಿವನಸಮುದ್ರದಲ್ಲಿ, ಅಲ್ಲಿನ ಜಹಗೀರುದಾರರಾಗಿದ್ದ ರಾಮಸ್ವಾಮಿ ಮೊದಲಿಯಾರರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಕಲ್ಲಿನ ಸೇತುವೆಯೂ ಕಂಬಗಳ ಮೇಲೆಯೇ ನಿಂತದ್ದು. 2018ರ ಪ್ರವಾಹದಲ್ಲಿ ಅದಕ್ಕೆ ಹಾನಿಯಾಯಿತು.

ಕಮಾನಿನ ಸೇತುವೆಯಲ್ಲಿ ಒಂದು ಕಮಾನು ಬಿದ್ದರೆ ಪಕ್ಕದ ಕಮಾನುಗಳ ಸಮತೋಲವೂ ಕೆಡಬಹುದು. ತೊಲೆಯ ಸೇತುವೆಯಲ್ಲಿ ಹಾಗಲ್ಲ. ಒಂದು ಸಾಲು ಕಂಬ ಹೋದರೆ ಅದರ ಮೇಲೆ ಕೂತಿದ್ದ ತೊಲೆಗಳು ಬೀಳುತ್ತವೆ, ಉಳಿದವು ತಮ್ಮ ಪಾಡಿಗೆ ನಿಲ್ಲುತ್ತವೆ, ಹೊಸ ಕಲ್ಲು ತಂದು ಅಷ್ಟನ್ನೇ ಮತ್ತೆ ಕೂರಿಸಬಹುದು. ಇಂಥ ಸೇತುವೆಗಳನ್ನು ದುರಸ್ತಿ ಮಾಡುವಾಗ ಸಂದುಗಳಿಗೆಲ್ಲ ಕಾಂಕ್ರೀಟು ತುಂಬಿ ಎಲ್ಲವನ್ನೂ ಒಂದಾಗಿ ಬಿಗಿಯುವುದು ಸರಿಯಲ್ಲವೆಂದು ನಾನು ಹೇಳುವುದು ಈ ಕಾರಣಕ್ಕೆ. ಮುರಿದ ತೊಲೆಯ ಜಾಗಕ್ಕೆ ಅದೇ ಅಳತೆಯ ಕಲ್ಲಿನ ತೊಲೆ, ಹೋದ ಬೋದಿಗೆಯ ಜಾಗಕ್ಕೆ ಬೋದಿಗೆ ಬರಬೇಕು. ಸಂದುಗಳಲ್ಲಿ ಬೇರು ಬಿಡುವ ಅರಳಿ, ಆಲದ ಸಸಿಗಳನ್ನು ಪ್ರತಿ ಮಳೆಗಾಲದ ಬಳಿಕ ಕೀಳಿಸಬೇಕು.