ಇಗರ್ಜಿಯ ಮಾಡು

ತೀರ್ಥಹಳ್ಳಿ ಸೀಮೆಯ ನಮ್ಮ ಪೇಟೆಯ ಹಿರಿಯರು ಚರ್ಚಿಗೆ ಇಂದಿಗೂ ಇಗರ್ಜಿ ಎನ್ನುತ್ತಾರೆ. ಪೋರ್ಚುಗೀಸರ ‘ಇಗ್ರೇಜಾ’ ಕೊಂಕಣಿಯಲ್ಲಿ ‘ಇಗರ್ಜ್’ ಆಗಿ, ತೋಟಗಳ ಕೆಲಸಕ್ಕೂ ವ್ಯಾಪಾರಕ್ಕೂ ಕರಾವಳಿಯಿಂದ ಘಟ್ಟ ಹತ್ತಿದ ಕ್ಯಾಥೊಲಿಕ್ ಕುಟುಂಬಗಳ ಜೊತೆಗೆ ಬಂದ ಪದವಿದು. ಕಟ್ಟಡವೂ ಹೀಗೆಯೇ ಹಲವು ಕಡೆಗಳಿಂದ ಒಂದೊಂದನ್ನು ಪಡೆದುಕೊಂಡಿದೆ ಎಂಬುದು ನನಗೆ ಹೊಳೆದದ್ದು ಕಳೆದ ಮೇ ತಿಂಗಳಲ್ಲಿ, ಅದರ ಹೆಂಚು ಕೈಯಾಡಿಸುತ್ತಿದ್ದಾಗ.

ಕೆಳಗಿಳಿಸಿದ್ದ ಹೆಂಚೊಂದನ್ನು ಮಗುಚಿದರೆ ಮಂಗಳೂರಿನ ಕಾರ್ಖಾನೆಯ ಅಚ್ಚು ಕಾಣಿಸಿತು. ಈ ಉದ್ಯಮವನ್ನು ಅಲ್ಲಿ 1865ರಲ್ಲಿ, ನೇತ್ರಾವತಿ ದಡದ ಜೆಪ್ಪುವಿನಲ್ಲಿ ಆರಂಭಿಸಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್. ಅವರು ಪ್ರೊಟೆಸ್ಟಂಟರು, ಅವರು ಹೊರಡಿಸಿದ ಮಾದರಿಯ ಹೆಂಚು ಕ್ಯಾಥೊಲಿಕರ ಇಗರ್ಜಿಯನ್ನೂ ನಮ್ಮ ದೇವಸ್ಥಾನಗಳನ್ನೂ ಹೊದಿಸಿತು. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುವುದರಿಂದಲೂ ಹಿಂಬದಿಯ ಮೂಗು ರೀಪಿಗೆ ಸಿಕ್ಕಿಕೊಳ್ಳುವುದರಿಂದಲೂ ಇದಕ್ಕೆ ಗಾರೆ ಬೇಕಿಲ್ಲ, ಒಡೆದದ್ದನ್ನಷ್ಟೇ ತೆಗೆದು ಹೊಸತನ್ನು ಸೇರಿಸಬಹುದು. ಆದರೆ ಇಳಿಜಾರು ಕಡಿಮೆಯಾದರೆ ಗಾಳಿಮಳೆಗೆ ನೀರು ಮೇಲ್ಮುಖವಾಗಿ ಒಳನುಗ್ಗುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆ ಪಕ್ಕದಲ್ಲೇ ಇರುವಾಗ ಮಾಡು ಕಡಿದಾಗಿರುವುದು ಅಂದಕ್ಕಲ್ಲ.

ಉದ್ದನೆಯ ಹಜಾರ, ಚೂಪು ಕಮಾನಿನ ಕಿಟಕಿಗಳು, ತುದಿಯಲ್ಲಿ ಬಲಿಪೀಠ: ಒಳಗಿನ ವಿನ್ಯಾಸವೆಲ್ಲ ಯುರೋಪಿನದು. ಪೀಠ ಮಾತ್ರ ಎರಡಿವೆ. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಲ್ಯಾಟಿನ್ ಪೂಜೆಯ ಬದಲು ಜನರ ಭಾಷೆಯ ಪೂಜೆ ಬಂದು, ಫಾದರ್ ಜನರತ್ತ ಮುಖಮಾಡಿ ನಿಲ್ಲತೊಡಗಿದರು. ಗೋಡೆಗಂಟಿದ ಹಳೆಯ ಪೀಠವನ್ನು ಕೀಳದೆ ಅದರ ಮುಂದೆ ಸರಳವಾದ ಮೇಜೊಂದನ್ನು ಇಟ್ಟಿದ್ದಾರೆ.

ಕಟ್ಟಿದವರು ಎಡವಿದ್ದು ಮುಂಗೋಡೆಯಲ್ಲಿ ಎಂದು ನನ್ನ ಎಣಿಕೆ. ಮಲೆನಾಡಿನ ಮನೆಯಲ್ಲಿ ಸೂರು ಗೋಡೆಯನ್ನು ದಾಟಿ ಮುಂಚಾಚಿ ಎರಚಲನ್ನು ತಡೆಯುತ್ತದೆ; ಇಲ್ಲಿ ಶಿಲುಬೆ ಹೊತ್ತ ಮುಂಗೋಡೆಯೇ ಮಾಡನ್ನು ಮೀರಿ ಎದ್ದಿದೆ. ದೂರದಿಂದ ಗಂಭೀರವಾಗಿ ಕಾಣುತ್ತದೆ, ನಿಜ. ಆದರೆ ಗೋಡೆಯೂ ಹೆಂಚೂ ಕೂಡುವ ಸಂದಿಯಲ್ಲಿ ನೀರು ನಿಂತು ಒಳಗಿಳಿಯುತ್ತದೆ, ಜುಲೈ ಹೊತ್ತಿಗೆ ಸುಣ್ಣದ ಮೇಲೆ ಹಾವಸೆ ಹಬ್ಬುತ್ತದೆ. ಎರಡೂ ಪಕ್ಕದ ಗೋಡೆಗಳು ಇಂದಿಗೂ ಬೆಳ್ಳಗಿರುವುದು ತಗ್ಗು ಮಾಡಿನ ಜಗಲಿಯಿಂದ. ಆ ಜಗಲಿಯನ್ನು ಯೋಚಿಸಿದವನು ಊರಿನ ಬಡಗಿಯೇ ಇರಬೇಕು.

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಕಟ್ಟಿದ ಚರ್ಚು, ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿ ಮಾಡಿಲ್ಲದೆ ಉಳಿದಿದೆ. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಹೊರಬರುವ ಅದರ ಬರಿಯ ಕಮಾನುಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ನಮ್ಮ ಇಗರ್ಜಿಯನ್ನು ನೋಡಲು ಯಾರೂ ಬರುವುದಿಲ್ಲ. ಈ ಸಲ ಮುಂಗೋಡೆಯ ಸಂದಿಗೆ ಹೊಸ ತಗಡು ಮಡಚಿ ಕೂರಿಸಿದ್ದಾರೆ.